ಪದ್ಮಿನಿ ಮುಂದಿನ ಸಸ್ಪೆನ್ಷನ್: ಸ್ಪ್ರಿಂಗ್ ಕಡೀಕ ಇರ್ಲಿ

ನಮ್ಮ ಕಲಬುರಗಿ ಕಡಿ ಎರಿ ಮಣ್ಣು ಮಳಿಗಾಲಕ್ಕ ಉಬ್ಬತದ, ಬ್ಯಾಸಿಗಿಗಿ ಬಿರಿತದ, ಅದರ ಮ್ಯಾಲಿನ ಡಾಂಬರು ಅಲೆ ಅಲೆ ಆಗಿ ಕುಂದರ್ತದ. ಜೇವರ್ಗಿ ರೋಡಿಗಿ ಕಟ್ಟಿಸಂಗಾವಿ ಬ್ರಿಜ್ ತನಕ ಹಳೇ ಪ್ರೀಮಿಯರ್ ಪದ್ಮಿನಿ ಕಾರ್ ಹೊಡ್ಕೊಂಡು ಹೋಗಿ ನೋಡ್ರಿ, ಮೂತಿ ತೊಟ್ಟಿಲಗತೆ ಆಡ್ತದ, ಸ್ಟೇರಿಂಗ್ ಒಂದು ಕಡಿ ತಿರುವಿದ್ರ ಗಾಡಿ ಅರ್ಧ ಸೆಕೆಂಡ್ ವಿಚಾರ ಮಾಡಿ ಆಮ್ಯಾಲ ತಿರುಗ್ತದ. ಆವಾಗ ಎಲ್ರೂ ಕೇಳೋದು ಒಂದೇ, ಗಟ್ಟಿ ಸ್ಪ್ರಿಂಗ್ ಯಾವುದು ಹಾಕಿಸ್ಲಿ ಅಂತ. ಅದು ಕಡೀಕ ಕೇಳೋ ಮಾತ್ರಿ.

ಪದ್ಮಿನಿ ಅಂದ್ರ ಫಿಯೆಟ್ 1100 ಮನಿತನದ್ದು. ಮುಂದ ಮ್ಯಾಲೊಂದು ಕೆಳಗೊಂದು ವಿಶ್‌ಬೋನ್ (ಗಾಲಿ ಹಿಡಿಯೋ ತೋಳು), ಕಾಯಿಲ್ ಸ್ಪ್ರಿಂಗ್, ಟೆಲಿಸ್ಕೋಪಿಕ್ ಶಾಕಬ್ಸರ್ (ಶಾಕ್ ಅಬ್ಸಾರ್ಬರ್), ಆಂಟಿ ರೋಲ್ ಬಾರ್ (ತಿರುವಿನ್ಯಾಗ ಗಾಡಿ ವಾಲದಂಗ ತಡಿಯೋ ಸರಳು) ಎಲ್ಲಾ ಅದ, ಹಿಂದ ಕಮಾನ್ ಪಾಟಾ. ಆ ಕಾಲಕ್ಕ ಇದು ಭಾಳ ಛಲೋ ಡಿಸೈನ್. ತಕಲೀಫ್ ಇರೋದು ಡಿಸೈನ್‌ದಾಗಲ್ಲ, ಸವೆದದ್ದರಾಗ.

ಮೊದಲನೇದು, ಪ್ಲೇ ನೋಡೋದು, ಅಂದ್ರ ಕೀಲು ಸಡಿಲಾಗಿ ಅಲ್ಲಾಡ್ತಾವೇನು ಅಂತ. ಗಾಡಿ ಜ್ಯಾಕ್ ಹಚ್ಚಿ ಎತ್ತಿ ಸ್ಟ್ಯಾಂಡ್ ಮ್ಯಾಲ ಕೂಡಿಸ್ರಿ, ಬರೇ ಜ್ಯಾಕ್ ಮ್ಯಾಲ ಬಿಟ್ಟು ಕೆಳಗ ತಲಿ ಹಾಕಬ್ಯಾಡ್ರಿ. ಗಾಲಿನ ಮ್ಯಾಲ ಕೆಳಗ ಹಿಡಿದು ಅಲ್ಲಾಡಿಸ್ರಿ. ಕಟಕಟ ಅಂದ್ರ ಒಬ್ರಿಗಿ ಬ್ರೇಕ್ ತುಳಿಯಾಕ ಹೇಳ್ರಿ, ತುಳಿದಾಗ ಅಲ್ಲಾಟ ನಿಂತ್ರ ಅದು ಬೇರಿಂಗ್, ನಿಲ್ಲಲಿಲ್ಲಂದ್ರ ಕಿಂಗ್ ಪಿನ್, ಅಂದ್ರ ಮುಂದಿನ ಗಾಲಿ ಎಡಕ್ಕ ಬಲಕ್ಕ ತಿರುಗೋ ಕೀಲು. ಎಡಕ್ಕ ಬಲಕ್ಕ ಹಿಡಿದು ಅಲ್ಲಾಡಿಸಿದಾಗ ಪ್ಲೇ ಬಂತಂದ್ರ ಟೈ ರಾಡ್ ಎಂಡ್ (ಸ್ಟೇರಿಂಗ್ ಸರಳಿನ ತುದಿ ಕೀಲು), ಇಲ್ಲಾ ಸ್ಟೇರಿಂಗ್ ಬಾಕ್ಸ್ ನೋಡ್ರಿ. ಕಿಂಗ್ ಪಿನ್ ಸವೆದ ಗಾಡಿಗಿ ಎಷ್ಟೇ ರೊಕ್ಕದ ಶಾಕಬ್ಸರ್ ಹಾಕಿದ್ರೂ ಸೀದಾ ಹೋಗಂಗಿಲ್ಲ. ಹೊಸಾ ಪಿನ್ ಹಾಕಿದ ಮ್ಯಾಲ ಗ್ರೀಸ್ ಮರಿಬ್ಯಾಡ್ರಿ, ಹಳೇದು ಸವೆಯಾಕ ಕಾರಣ ಬಹುಶಃ ಅದೇ.

ಆಮ್ಯಾಲ ರಬ್ಬರ್ ಬುಷ್, ಅಂದ್ರ ಕಬ್ಬಿಣದ ಕೀಲಿನ ನಡುವ ಕೂಡೋ ರಬ್ಬರ್ ಕೊಳವಿ. ನಮ್ಮ ಬಿಸಲಿಗಿ ರಬ್ಬರ್ ನಾಲ್ಕು ದಿನದ ಕಡಕ್ ರೊಟ್ಟಿಗತೆ ಆಗಿರ್ತದ. ಇಲ್ಲಿ ಭಾಳ ಮಿಸ್ತ್ರಿಗಳು ಮಾಡೋ ತಪ್ಪು ಒಂದದ, ಗಾಲಿ ಗಾಳ್ಯಾಗ ಜೋತು ಬಿದ್ದಾಗಲೇ ಬೋಲ್ಟ್ ಫುಲ್ ಟೈಟ್ ಮಾಡಿಬಿಡ್ತಾರ, ಗಾಡಿ ಕೆಳಗ ಇಳಿಸಿದ ಕೂಡ್ಲೆ ಬುಷ್ ತಿರುಚಿಕೊಂಡು ಹಂಗೇ ಇರ್ತದ, ಸ್ವಲ್ಪೇ ದಿನಕ್ಕ ಹರಿತದ. ಗಾಲಿ ಮ್ಯಾಲ ಗಾಡಿ ಭಾರ ಬಿದ್ದ ಮ್ಯಾಲೇ ಕಡೀ ಟೈಟ್ ಮಾಡಿಸ್ರಿ. ಪಾಲಿಯುರಿಥೇನ್ (ಗಟ್ಟಿ ಪ್ಲಾಸ್ಟಿಕ್) ಬುಷ್ ಕೇಳಿದ್ರ, ಸ್ಟೇರಿಂಗ್ ಚುರುಕ ಆಗ್ತದ ಖರೆ, ಆದ್ರ ಗುಂಡಿ ಎಲ್ಲಾ ಬಾಡಿಗಿ ಬಡಿತದ, ಕಿರ್ ಕಿರ್ ಬ್ಯಾರೆ. ಆಂಟಿ ರೋಲ್ ಬಾರ್ ಬುಷ್ ಅಷ್ಟು ಹಾಕಿಸ್ರಿ, ಉಳಿದದ್ದು ರಬ್ಬರೇ ಇರ್ಲಿ.

ಮೂರನೇದು ಶಾಕಬ್ಸರ್, ರೊಕ್ಕ ಹಾಕೋದಿದ್ರ ಇಲ್ಲಿ ಹಾಕ್ರಿ. ಗಾಡಿ ಭಾರ ಹೊರೋದು ಸ್ಪ್ರಿಂಗ್, ಅದರ ಕುಣಿತ ನಿಲ್ಲಿಸೋದು ಶಾಕಬ್ಸರ್, ಅಲೆ ಅಲೆ ರೋಡಿಗಿ ಬೇಕಾಗೋದು ಈ ನಿಲ್ಲಿಸೋ ತಾಕತ್ತು. ಫೆಂಡರ್ ಜೋರು ಒತ್ತಿ ಬಿಡ್ರಿ, ಒಂದ್ಸಲ ಮ್ಯಾಲ ಬಂದು ನಿಂತ್ರ ಸರಿ, ಎರಡು ಮೂರು ಸಲ ಕುಣಿದ್ರ ಸತ್ತದ ಅಂತ ತಿಳ್ಕೊಳ್ರಿ. ತಗೊಳ್ಳೋವಾಗ ಹಳೇದರ ಪೂರಾ ಒತ್ತಿದ ಉದ್ದ, ಪೂರಾ ಎಳೆದ ಉದ್ದ ಎರಡೂ ಅಳ್ಕೊಂಡು ಹೋಗ್ರಿ, ಬ್ಯಾರೆ ಗಾಡಿದು ಕೂಡ್ತದ ಅಂತ ಅಂಗಡ್ಯಾವರು ಹೇಳಿದ್ರೂ ಒತ್ತಿದಾಗ ಒಳಗ ತಳ ಬಡಿಯೋದು ಇದ್ರ ತಗೋಬ್ಯಾಡ್ರಿ. ಜೋಡೀನೇ ಬದಲಿ ಮಾಡ್ರಿ.

ಆಂಟಿ ರೋಲ್ ಬಾರ್ ದಪ್ಪ ಮಾಡಿಸೋ ಆಸೆ ಇದ್ರ ಒಂದು ಲೆಕ್ಕ ತಲಿಯಾಗಿರ್ಲಿ, ಗಟ್ಟಿತನ ವ್ಯಾಸದ ನಾಲ್ಕನೇ ಘಾತಕ್ಕ ಏರ್ತದ. 20 ಎಂಎಂ ಬಾರ್ ತೆಗೆದು 22 ಹಾಕಿದ್ರ ಬರೇ 2 ಎಂಎಂ ಅನಸ್ತದ, ಆದ್ರ ಹತ್ರ ಹತ್ರ 46 ಪರ್ಸೆಂಟ್ ಗಟ್ಟಿ ಆಯ್ತು. ವಾಲೋದು ಕಮ್ಮಿ ಆಗ್ತದ, ಆದ್ರ ಮುಂದ ಒಂದೇ ಗಟ್ಟಿ ಮಾಡಿದ್ರ ತಿರುವಿನ್ಯಾಗ ಮೂತಿ ಹೊರಗ ಜಾರಾಕ ಶುರು ಮಾಡ್ತದ. ಒಂದು ಸೈಜ್ ಮ್ಯಾಲ ಸಾಕು.

ಈಗ ಸ್ಪ್ರಿಂಗ್. ನಾನೂ ಒಂದ್ಸಲ ಹುಚ್ಚಾಟ ಮಾಡೀನಿ, ಒಂದು ಗ್ಯಾರೇಜಿನ್ಯಾಗ ಒಂದೂವರಿ ಸುತ್ತು ಕಟ್ ಮಾಡಿಸಿ, ಗಾಡಿ ಕೆಳಗ ಕೂತು ನೋಡಾಕ ಮಸ್ತ್ ಆಗಿತ್ತು, ಮರುದಿನ ಮೊದಲನೇ ಸ್ಪೀಡ್ ಬ್ರೇಕರಿಗೇ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರಾ ಒತ್ತಿದಾಗ ತಡಿಯೋ ರಬ್ಬರ್) ಢಣ್ ಅಂತ ಬಡೀತು, ಕ್ಯಾಂಬರ್ (ಗಾಲಿ ಒಳಗ ಹೊರಗ ವಾಲೋ ಕೋನ) ಕೆಟ್ಟು ಟೈರ್ ಒಳಅಂಚು ಕೆರ್ಕೊಂಡು ಹೋತು. ಎರಡೂ ಕಡಿ ಎತ್ತರ ಅಳೆದು ಒಂದು ಕಡಿ ಕೂತಿದ್ರಷ್ಟೇ ಕಂಪನಿ ಅಳತಿದೇ ಹೊಸಾ ಜೋಡಿ ಹಾಕಿಸ್ರಿ. ಸ್ಪ್ರಿಂಗ್ ಒತ್ತಿ ಹಿಡಿಯೋ ಕಂಪ್ರೆಸರ್ ಇಲ್ದೆ ಹಗ್ಗ, ತಂತಿ ಕಟ್ಟಿ ಸ್ಪ್ರಿಂಗ್ ಬಿಚ್ಚೋ ಕಡಿ ಗಾಡಿ ಒಯ್ಯಬ್ಯಾಡ್ರಿ, ಜಿಗಿದ್ರ ದವಡಿ ಉಳಿಯಂಗಿಲ್ಲ.

ಅಂಬಾಸಿಡರ್ ಇದ್ದವರಿಗಿ ಲೆಕ್ಕ ಬ್ಯಾರೆ, ಅದಕ್ಕ ಮುಂದ ಕಾಯಿಲ್ ಇಲ್ಲ, ತಿರುಚಿಕೊಂಡು ಸ್ಪ್ರಿಂಗಿನಗತೆ ಕೆಲಸ ಮಾಡೋ ಟಾರ್ಷನ್ ಬಾರ್. ಬಾರ್ ಸೆಟ್ಟಿಂಗ್ ತಿರುವಿದ್ರ ಎತ್ತರ ಬದಲಾಗ್ತದ, ಗಟ್ಟಿತನ ಅಲ್ಲ.

ಎಲ್ಲಾ ಆದ ಮ್ಯಾಲೇ ಅಲೈನ್‌ಮೆಂಟ್. ಈ ಗಾಡಿ ಹುಟ್ಟಿದ್ದು 5.20-14 ಕ್ರಾಸ್‌ಪ್ಲೈ (ಹಳೇ ನಮೂನಿ) ಟೈರಿಗಿ, ಈಗಿನ ರೇಡಿಯಲ್ ಹಾಕಿದ್ರ ಟೋ ಇನ್ (ಮುಂದಿನ ಗಾಲಿಗಳ ಮೂತಿ ಒಳಗ ತಿರುಗಿರೋದು) ಸ್ವಲ್ಪ ಕಮ್ಮಿ ಇಡಾಕ ಹೇಳ್ರಿ. ಟೈರ್ ಬಾಜೂಕ ನಾಲ್ಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರ, ಹಳೇದಿದ್ರ ಅದನ್ನೇ ಮೊದಲ ಬಿಸಾಕ್ರಿ. ವಾಪಸ್ ಅದೇ ಜೇವರ್ಗಿ ರೋಡಿಗಿ ಹೋಗಿ ನೋಡ್ರಿ, ಒಂದು 500 ಕಿಲೋಮೀಟರ್ ಓಡಿಸಿ ಎಲ್ಲಾ ನಟ್ ಮತ್ತೊಮ್ಮೆ ಟೈಟ್ ಅವ ಇಲ್ಲ ಚೆಕ್ ಮಾಡಿಸ್ರಿ.