ಬಿರುಕು ಮುಚ್ಚುವ ಮೊದಲು ಎರಡು ಬೇಸಿಗೆ ನೋಡಿದೆ

ಕಲಬುರಗಿಯ ಸೇಡಂ ರಸ್ತೆಯ ಕಡೆ, ಒಂದು ಕಾಲಕ್ಕೆ ತೊಗರಿ ಬೆಳೆಯುತ್ತಿದ್ದ ಹೊಲ ಈಗ ಬಡಾವಣೆಯಾಗಿದೆ; ನಮ್ಮ ಮನೆ ಅಲ್ಲಿದೆ. ಇಟ್ಟಿಗೆ ಗೋಡೆಯ ಮೇಲೆಯೇ ಚಾವಣಿಯ ಭಾರ ಬಿಟ್ಟು ಕಟ್ಟಿಸಿದ ಮನೆ. 2022ರ ಜನವರಿಯಲ್ಲಿ ಗೃಹಪ್ರವೇಶ ಮಾಡಿದೆವು. ಮಾರ್ಚ್ ಮುಗಿಯುವಷ್ಟರಲ್ಲಿ ನೈರುತ್ಯದ ಕೋಣೆಯಲ್ಲಿ, ಕಿಟಕಿಯ ಮೇಲಿನ ಮೂಲೆಯಿಂದ ಚಾವಣಿಯತ್ತ ಓರೆಯಾಗಿ ಒಂದು ಬಿರುಕು ಹೊರಟಿತು. ಮೊದಲು ಕೂದಲೆಳೆಯಷ್ಟು, ಏಪ್ರಿಲ್ ಹೊತ್ತಿಗೆ ಉಗುರಿನ ತುದಿ ಸಿಕ್ಕುವಷ್ಟು. ಹೊರಗೆ ಹೋಗಿ ನೋಡಿದರೆ ಗೋಡೆಯ ಆ ಬದಿಯಲ್ಲೂ ಅದೇ ಜಾಗದಲ್ಲಿ ಅದೇ ಓರೆ. ಎದೆ ಧಸಕ್ಕೆಂದಿತು. ಬರಿಯ ಗಿಲಾವು ಬಿರಿದಿದ್ದರೆ ಅದು ಗೋಡೆ ದಾಟಿ ಆಚೆ ಕಾಣುವುದಿಲ್ಲ.

ಗುತ್ತಿಗೆದಾರರು ಕರೆದ ದಿನವೇ ಬಂದರು. ಬೆರಳಿನಿಂದ ಸವರಿ ನೋಡಿ, "ಎರೆಮಣ್ಣಿನ ನೆಲ ಅಕ್ಕಾ, ಬಿರುಕು ಬರುವುದೇ. ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿಬಿಡುತ್ತೇನೆ" ಎಂದರು. ಒಪ್ಪಿದೆ. ಒಪ್ಪಬಾರದಿತ್ತು. ಆಗಸ್ಟಿನಲ್ಲಿ ಮಳೆ ಹಿಡಿದ ಮೇಲೆ ಆ ಪುಟ್ಟಿ ಬಿರುಕಿನ ಉದ್ದಕ್ಕೂ ಉಬ್ಬಿ, ಒತ್ತಿದ ಶಾವಿಗೆಯ ಎಳೆಯಂತೆ ಹೊರಗೆ ಬಂತು. ಬೆರಳಿಟ್ಟರೆ ಪುಡಿಯಾಗಿ ಉದುರಿತು. ಆ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಾಗ ಸಂಗತಿ ಹೊಳೆಯಿತು: ಬೇಸಿಗೆಯಲ್ಲಿ ಬಾಯಿ ತೆರೆದಿದ್ದ ಗೋಡೆ ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತಿದೆ, ನಡುವೆ ಸಿಕ್ಕ ಪುಟ್ಟಿಗೆ ಜಾಗವಿಲ್ಲ.

ನಮ್ಮ ಭಾಗದ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆಯ ಎರೆಹೊಲದಲ್ಲಿ ಕೈ ಇಳಿಯುವಷ್ಟು ಸೀಳು ಬಿಟ್ಟಿರುತ್ತದೆ. ನಾಲ್ಕು ಮಳೆಯಾದರೆ ಅದೇ ಮಣ್ಣು ಉಬ್ಬಿ ಸೀಳೆಲ್ಲ ಮುಚ್ಚಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ ಎಂಬುದು ಗೊತ್ತಿತ್ತು. ಆದರೆ ಇಡೀ ಬಡಾವಣೆ ಅದೇ ಮಣ್ಣಿನ ಮೇಲೆ ನಿಂತಿರುವಾಗ ನಮ್ಮ ಮನೆಯ ಒಂದೇ ಮೂಲೆ ಏಕೆ ಅಲುಗಬೇಕು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಗೋಡೆಗೆ ಯಾರೂ ಕೈ ಹಚ್ಚಬಾರದೆಂದು ತೀರ್ಮಾನಿಸಿದೆ.

2022ರ ಅಕ್ಟೋಬರಿನಲ್ಲಿ ಫೋಟೊಗೆ ಕಟ್ಟು ಹಾಕುವ ಅಂಗಡಿಯಿಂದ ಕತ್ತರಿಸಿ ಉಳಿದ ತೆಳು ಗಾಜಿನ ಪಟ್ಟಿಗಳನ್ನು ತಂದೆ. ಬಿರುಕಿನ ಎರಡೂ ಬದಿಗೆ ಬಣ್ಣ, ಗಿಲಾವು ಕೆರೆದು ಇಟ್ಟಿಗೆ ಕಾಣಿಸಿ, ಗಾಜನ್ನು ಅಡ್ಡಲಾಗಿಟ್ಟು, ಎರಡು ತುದಿಗಳನ್ನು ಮಾತ್ರ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಬಿಗಿದೆ. ಗೋಡೆ ಅಲುಗಿದರೆ ಗಾಜು ಒಡೆದು ಗೊತ್ತಾಗುತ್ತದೆ. ಬಣ್ಣದ ಮೇಲೆಯೇ ಅಂಟಿಸಿದರೆ ಬಣ್ಣವೇ ಕಿತ್ತು ಬರುತ್ತದೆ, ಗಾಜು ಉಳಿಯುತ್ತದೆ, ನಾವು ಮೋಸ ಹೋಗುತ್ತೇವೆ. ಪಡಸಾಲೆಯಲ್ಲಿ ಕಂಡಿದ್ದ ಇನ್ನೆರಡು ಸಣ್ಣ ಬಿರುಕುಗಳಿಗೂ ಹೀಗೆಯೇ ಗಾಜು ಕೂರಿಸಿದೆ. ಪ್ರತಿ ಗಾಜಿನ ಪಕ್ಕ ಪೆನ್ಸಿಲಿನಿಂದ ದಿನಾಂಕ. ತಿಂಗಳ ಮೊದಲ ಭಾನುವಾರ ಸ್ಟೀಲ್ ಪಟ್ಟಿ ಹಿಡಿದು ಬಿರುಕಿನ ಅಗಲ ಅಳೆದು ನೋಟ್‌ಬುಕ್ಕಿನಲ್ಲಿ ಬರೆದು, ಪಟ್ಟಿ ಗೋಡೆಯ ಮೇಲಿರುವಾಗಲೇ ಫೋಟೊ ತೆಗೆಯುತ್ತಿದ್ದೆ.

2023ರ ಮಾರ್ಚಿನ ಒಂದು ರಾತ್ರಿ, ನಾನು ಉತ್ತರ ಪತ್ರಿಕೆ ತಿದ್ದುತ್ತ ಕುಳಿತಿದ್ದಾಗ, ಟಿಕ್ ಎಂದು ಸದ್ದಾಯಿತು. ಎದ್ದು ದೀಪ ಹಿಡಿದರೆ ಗಾಜು ನಡುವೆ ನೇರವಾಗಿ ಎರಡಾಗಿತ್ತು. ಮೇ ಹೊತ್ತಿಗೆ ಬಿರುಕು ಮೂರು ಮಿಲಿಮೀಟರ್. ಪಡಸಾಲೆಯ ಎರಡೂ ಗಾಜು ಹಾಗೆಯೇ ಇದ್ದವು. ಅವು ಗಿಲಾವಿಗೆ ಸಾಕಷ್ಟು ನೀರುಣಿಸದೆ ಬಂದ ಬಿರುಕುಗಳು; ಅವನ್ನು ಕೆರೆದು ತುಂಬಿ ಬಣ್ಣ ಬಳಿದೆವು, ಮತ್ತೆ ಬರಲಿಲ್ಲ.

ಪರಿಚಯದ ನಿವೃತ್ತ ಇಂಜಿನಿಯರ್ ಒಬ್ಬರು ನನ್ನ ನೋಟ್‌ಬುಕ್ ನೋಡಿ, "ಮೂಲೆ ಇಳಿಯುತ್ತಿದೆ, ಪಾಯ ನೋಡೋಣ" ಎಂದರು. ಮೂಲೆಯ ಪಕ್ಕದಲ್ಲಿ ಗುಂಡಿ ತೋಡಿಸಿದೆ. ನಾಲ್ಕೂವರೆ ಅಡಿಗೆ ಪಾಯದ ತಳಗಲ್ಲು ಸಿಕ್ಕಿತು. ಅದರ ಕೆಳಗೆ ಮುರುಮು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ಇರಬೇಕಿತ್ತು. ಇದ್ದದ್ದು ಕಪ್ಪು ಎರೆಮಣ್ಣು. ಹಾರೆ ಹಾಕಿದರೆ ಸರಾಗವಾಗಿ ಇಳಿಯಿತು. ಗಟ್ಟಿ ಮುರುಮು ಸಿಕ್ಕಿದ್ದು ಆರು ಅಡಿಗೆ. ಇನ್ನುಳಿದ ಮೂಲೆಗಳಲ್ಲಿ ಅದು ಮೇಲೆಯೇ ಇತ್ತು. ಇಲ್ಲಿ ಪದರ ಇಳಿಜಾರಾಗಿದ್ದದ್ದನ್ನು ನೋಡದೆ ಒಂದೇ ಆಳಕ್ಕೆ ಪಾಯ ನಿಲ್ಲಿಸಿದ್ದರು. ಮೇಲಾಗಿ ಚಾವಣಿಯ ಮಳೆನೀರಿನ ಪೈಪನ್ನು ಇದೇ ಮೂಲೆಯ ಬುಡಕ್ಕೆ ಬಿಟ್ಟಿದ್ದರು. ಮಳೆಗಾಲದಲ್ಲಿ ಅಲ್ಲಿ ಮಣ್ಣು ಕಂಠಮಟ್ಟ ಕುಡಿಯುತ್ತಿತ್ತು, ಬೇಸಿಗೆಯಲ್ಲಿ ಅಷ್ಟೂ ಒಣಗುತ್ತಿತ್ತು.

ಕರಾರು ಪತ್ರದಲ್ಲಿ "ಗಟ್ಟಿ ಮುರುಮು ಸಿಗುವವರೆಗೆ ಪಾಯ ತೆಗೆಯುವುದು" ಎಂಬ ಸಾಲಿತ್ತು. ಆ ಒಂದು ಸಾಲು ನನ್ನನ್ನು ಕಾಪಾಡಿತು. ಗುಂಡಿಯನ್ನು ಮುಚ್ಚದೆ, ಅಳತೆ, ಫೋಟೊ, ಇಂಜಿನಿಯರ್ ಬರೆದುಕೊಟ್ಟ ಒಂದು ಪುಟದ ವರದಿ, ಕರಾರಿನ ನಕಲು ಸೇರಿಸಿ ಗುತ್ತಿಗೆದಾರರಿಗೆ ರಿಜಿಸ್ಟರ್ ಅಂಚೆಯಲ್ಲಿ ಪತ್ರ ಕಳುಹಿಸಿದೆ. ಬಾಯಿಮಾತಿಗಿಂತ ಸ್ವೀಕೃತಿ ಚೀಟಿಗೆ ತೂಕ ಹೆಚ್ಚು.

ಕಾನೂನನ್ನೂ ತಿಳಿದುಕೊಂಡಿದ್ದೆ. ಬಿಲ್ಡರ್ ಕಟ್ಟಿ ಮಾರಿದ, ರೇರಾ ಎಂಬ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾದ ಯೋಜನೆಯ ಮನೆಯಾದರೆ 2016ರ ಆ ಕಾಯ್ದೆಯಂತೆ ಸ್ವಾಧೀನ ಪಡೆದ ಐದು ವರ್ಷದೊಳಗೆ ತಿಳಿಸಿದ ದೋಷವನ್ನು 30 ದಿನಗಳಲ್ಲಿ ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕು. ನಮ್ಮದು ಸ್ವಂತ ನಿವೇಶನ, ಗುತ್ತಿಗೆ ಕೊಟ್ಟು ಕಟ್ಟಿಸಿದ್ದು. ನಮಗೆ ಅದು ಸಲ್ಲುವುದಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದು ಸೇವೆ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು. ನನ್ನ ಲೆಕ್ಕದಲ್ಲಿ ಅದು 2024ರ ಮಾರ್ಚ್. ಆ ದಿನಾಂಕವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ.

ಆಯೋಗಕ್ಕೆ ಹೋಗಬೇಕಾಗಲಿಲ್ಲ. ಪತ್ರ ತಲುಪಿದ ಮೂರನೆಯ ದಿನ ಅವರು ಬಂದರು. ಬರುವಾಗ ಮುಖ ಬಿಗಿದಿತ್ತು. ನಾನು ವಾದಿಸಲಿಲ್ಲ, "ಅಣ್ಣಾ, ನೀವೇ ಇಳಿದು ನೋಡಿ" ಎಂದೆ. ಚಪ್ಪಲಿ ಬಿಟ್ಟು ಗುಂಡಿಗೆ ಇಳಿದು, ತಳಗಲ್ಲಿನ ಕೆಳಗಿನ ಮಣ್ಣಿಗೆ ಹೆಬ್ಬೆರಳು ಒತ್ತಿದರು. ಅದು ಒಳಗೆ ಹೋಯಿತು. ಸ್ವಲ್ಪ ಹೊತ್ತು ಹಾಗೆಯೇ ಕುಕ್ಕರಗಾಲಿನಲ್ಲಿ ಕುಳಿತಿದ್ದು, "ಈ ಮೂಲೆ ತೆಗೆದ ದಿನ ನಾನು ಇರಲಿಲ್ಲ ಅಕ್ಕಾ. ಗೌಂಡಿಯ ಮೇಲೆ ಬಿಟ್ಟಿದ್ದೆ" ಎಂದರು. ಕೊನೆಯ ಕಂತಿನ 60 ಸಾವಿರ ರೂಪಾಯಿ ನನ್ನ ಬಳಿಯೇ ಇತ್ತು ಎಂಬುದೂ ಮಾತುಕತೆಗೆ ನೆರವಾಯಿತು. ಸಿಮೆಂಟು, ಜಲ್ಲಿ, ಮರಳು ನನ್ನದು, ಕೂಲಿ ಪೂರ್ತಿ ಅವರದು ಎಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದೆವು.

ಕೆಲಸ ಮಳೆ ಬರುವ ಮೊದಲೇ ಮುಗಿಯಬೇಕಿತ್ತು. ಮೂಲೆಯ ಪಾಯದ ಕೆಳಗೆ ಒಮ್ಮೆಗೇ ಅಗೆದರೆ ಗೋಡೆ ಕುಸಿಯುತ್ತದೆ. ಆದ್ದರಿಂದ ಮೂರು ಮೂರು ಅಡಿಯ ತುಂಡು ಮಾಡಿ, ಒಂದು ಬಿಟ್ಟು ಒಂದರಂತೆ ಮುರುಮಿನವರೆಗೆ ತೆಗೆದು ಕಾಂಕ್ರೀಟ್ ತುಂಬಿದೆವು. ಮೊದಲಿನವು ಗಟ್ಟಿಯಾದ ಮೇಲೆಯೇ ನಡುವಿನ ತುಂಡು. ಕಾಂಕ್ರೀಟಿಗೂ ತಳಗಲ್ಲಿಗೂ ನಡುವೆ ಉಳಿಯುವ ಸಂದಿಗೆ ಗಟ್ಟಿಯಾಗಿ ಕಲಸಿದ ಸಿಮೆಂಟ್ ಗಾರೆಯನ್ನು ಬಡಿದು ಬಡಿದು ತುಂಬಬೇಕು. ಇದನ್ನು ಬಿಟ್ಟರೆ ಕೆಳಗೆ ಹಾಕಿದ್ದೆಲ್ಲ ದಂಡ. ಇಂಜಿನಿಯರ್ ಇಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬೇಡಿ. ಕಲಬುರಗಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ಬಿಸಿ, ಒಣ ಹವೆಯಲ್ಲಿ ಕನಿಷ್ಠ 10 ದಿನ ನೀರುಣಿಸಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ನಾವು ಹಸಿ ಗೋಣಿಚೀಲ ಹೊದಿಸಿ 14 ದಿನ ಉಣಿಸಿದೆವು.

ಆಮೇಲೆ ಮನೆಯ ಸುತ್ತ ನಾಲ್ಕು ಅಡಿ ಅಗಲಕ್ಕೆ, ಎರಡು ಅಡಿ ಆಳಕ್ಕೆ ಎರೆಮಣ್ಣು ತೆಗೆಸಿ, ಮುರುಮು ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಿಸಿದೆವು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ತೆಳು ಕಾಂಕ್ರೀಟು, ಮೇಲೆ ನಮ್ಮದೇ ಶಹಾಬಾದ್ ಫರ್ಸಿ ಕಲ್ಲು, ಹೊರಕ್ಕೆ ಇಳಿಜಾರು. ಗೋಡೆಗೂ ಫರ್ಸಿಗೂ ನಡುವಿನ ಸಂದಿಗೆ ಡಾಂಬರು. ಚಾವಣಿಯ ಪೈಪನ್ನು ಬೀದಿಯ ಚರಂಡಿಯವರೆಗೆ ಒಯ್ದೆವು.

ಬಿರುಕಿಗೆ ಆಗಲೂ ಕೈ ಹಚ್ಚಲಿಲ್ಲ. ಹೊಸ ಗಾಜು ಕೂರಿಸಿದೆ. ಆ ಮಳೆಗಾಲದಲ್ಲಿ ಬಿರುಕು ಮುಚ್ಚಲಿಲ್ಲ, ಮೂರು ಮಿಲಿಮೀಟರಿನಲ್ಲೇ ನಿಂತಿತು. "ಇಷ್ಟು ಖರ್ಚು ಮಾಡಿದರೂ ಹಾಗೆಯೇ ಇದೆಯಲ್ಲ" ಎಂದು ಅತ್ತೆ ಕೊರಗಿದರು. ನನಗೆ ಮಾತ್ರ ಅಂದು ಕಣ್ಣು ತುಂಬಿ ಬಂತು. ಮುಚ್ಚದಿರುವುದೇ ಶುಭ ಸುದ್ದಿ. ಮೂಲೆ ಅಲುಗುವುದನ್ನು ಬಿಟ್ಟಿತ್ತು. 2024ರ ಮೇ ಕೊನೆಯವರೆಗೆ ಗಾಜು ಒಡೆಯಲಿಲ್ಲ. ಆಗ ಬಿರುಕಿಗೆ ಅಡ್ಡಲಾಗಿ, ಇಟ್ಟಿಗೆ ಸಾಲುಗಳ ಸಂದಿ ಕೊರೆದು 6 ಮಿಲಿಮೀಟರ್ ಕಂಬಿ ಹೊಲಿಗೆ ಹಾಕಿಸಿ, ಜಾಲರಿ ಬಡಿದು ಗಿಲಾವು ಮಾಡಿಸಿ, 60 ಸಾವಿರವನ್ನು ಕೊಟ್ಟೆ.

ಬಣ್ಣವನ್ನು ದೀಪಾವಳಿಗೆ ಹೊಡೆಸಿದೆವು. ನಡುಮನೆಯಲ್ಲಿ ನಾಣ್ಯದಿಂದ ಬಡಿದರೆ ಟೊಳ್ಳು ಸದ್ದು ಬರುವ ಆರು ಟೈಲ್ಸ್ ಇನ್ನೂ ಉಳಿದಿವೆ. ಸೀಮೆಸುಣ್ಣದಿಂದ ಗುರುತು ಹಾಕಿಟ್ಟಿದ್ದೇನೆ, ಶಾಲೆಗೆ ರಜೆ ಬಂದಾಗ ತೆಗೆಸಬೇಕು.