ನಾಲ್ಕು ಗಂಟೆಗೊಮ್ಮೆ ಅರ್ಧ ಗಂಟೆ ಡ್ರಿಪ್, ಉಳಿದ ಹೊತ್ತು ಓಡಾಟ

2025ರ ಫೆಬ್ರವರಿ. ನ್ಯೂಜೆರ್ಸಿಯಲ್ಲಿ ಹೊರಗೆಲ್ಲ ಹಿಮ. ನನ್ನ ಬಸಿರಿಗೆ 36 ವಾರ ತುಂಬಿತ್ತು. ಟೆಸ್ಟ್ ರಿಪೋರ್ಟ್‌ನಲ್ಲಿ ‘ಜಿಬಿಎಸ್ ಪಾಸಿಟಿವ್’ ಅಂತ ಬಂತು. ಮೈಸೂರಿನಲ್ಲಿರುವ ಅತ್ತೆಗೆ ಫೋನಲ್ಲಿ ಹೇಳಿದ್ದೇ ತಡ, ಗಾಬರಿಯಾಗಿಬಿಟ್ಟರು. ಪುಣೆಯ ಜಿಬಿಎಸ್ ಸುದ್ದಿ ಆಗ ಟಿವಿಯಲ್ಲಿ ಬರುತ್ತಿತ್ತು. ಅದು ಗೀಲನ್ ಬಾರೆ ಸಿಂಡ್ರೋಮ್, ನರಗಳ ಕಾಯಿಲೆ. ನನಗಿದ್ದದ್ದು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಮೂರು ಅಕ್ಷರ ಒಂದೇ, ಬೇರೇನೂ ಸಂಬಂಧವಿಲ್ಲ.

ಈ ಬ್ಯಾಕ್ಟೀರಿಯಾ ಕರುಳಿನಲ್ಲಿ, ಯೋನಿಯಲ್ಲಿ ಸುಮ್ನೆ ಇರುತ್ತದೆ. ಅಮೆರಿಕದಲ್ಲಿ ಸುಮಾರು ನಾಲ್ಕು ಬಸುರಿಯರಲ್ಲಿ ಒಬ್ಬರಿಗೆ ಇರುತ್ತದೆ. ನಾವು ಸ್ವಚ್ಛವಾಗಿಲ್ಲ ಅಂತ ಅರ್ಥವಲ್ಲ. ತಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಚಿಂತೆ ಇರುವುದು ಮಗುವಿನದು. ಇದು ಇರುವ ತಾಯಿಗೆ ಹೆರಿಗೆ ಹೊತ್ತಿನಲ್ಲಿ ಆ್ಯಂಟಿಬಯಾಟಿಕ್ ಔಷಧಿ ಕೊಡದಿದ್ದರೆ 200 ಮಕ್ಕಳಲ್ಲಿ ಒಂದಕ್ಕೆ ಹುಟ್ಟಿದ ಮೊದಲ ವಾರದಲ್ಲೇ ಸೋಂಕು ತಗಲುತ್ತದೆ. ಔಷಧಿ ಕೊಟ್ಟರೆ ಅದು 4,000ಕ್ಕೆ ಒಂದಕ್ಕೆ ಇಳಿಯುತ್ತದೆ. ಮುಂಚೆಯೇ ಮಾತ್ರೆ ನುಂಗಿಬಿಡಬಹುದಲ್ವಾ ಅಂತ ನಾನೂ ಕೇಳಿದ್ದೆ. ಆಗುವುದಿಲ್ಲ. ಹೆರಿಗೆ ಹೊತ್ತಿಗೆ ಅದು ಮತ್ತೆ ಬೆಳೆದಿರುತ್ತದೆ. ಅದಕ್ಕೇ ನೋವು ಶುರುವಾದ ಮೇಲೆ ರಕ್ತನಾಳದ ಮೂಲಕವೇ ಕೊಡುತ್ತಾರೆ.

2021ರಲ್ಲಿ ದೊಡ್ಡವಳು ಹುಟ್ಟಿದಾಗಲೂ ನನಗೆ ಪಾಸಿಟಿವ್ ಇತ್ತು. ಅದು ಬೇರೆ ಊರು, ಬೇರೆ ಆಸ್ಪತ್ರೆ. ಎಡಗೈ ಹಿಂಭಾಗಕ್ಕೆ ಸೂಜಿ ಚುಚ್ಚಿದರು. ಔಷಧಿ ಮುಗಿದರೂ ಸಲೈನ್ ಹರಿಯುತ್ತಲೇ ಇತ್ತು. ಏಳಬಹುದು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹನ್ನೊಂದು ಗಂಟೆ ಮಂಚದ ಮೇಲೇ ಕಳೆದೆ. ಬೆನ್ನಿನಲ್ಲೇ ಇಡೀ ನೋವು ಕೂತಿತ್ತು. ಒಂದು ಸಲ ಮಂಡಿಯೂರಲು ನೋಡಿದೆ, ಆದರೆ ಸೂಜಿ ಇದ್ದ ಕೈ ಊರಲಾಗದೆ ಮತ್ತೆ ಮಲಗಿದೆ. ಆ ಹೊತ್ತನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಈ ಸಲ ಬಾಣಂತನಕ್ಕೆ ಅಂತ ಶಿವಮೊಗ್ಗದಿಂದ ಅಮ್ಮ ಬಂದಿದ್ದರು. ‘ಮಲಗಬೇಡ ಕಣೆ, ಓಡಾಡು’ ಅಂತ ದಿನಾ ಹೇಳುತ್ತಿದ್ದರು. ಅಮ್ಮನ ಮಾತಿಗೆ ಆಧಾರವೂ ಇದೆ. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2013ರಲ್ಲಿ 25 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ನೋವಿನ ಮೊದಲ ಹಂತದಲ್ಲಿ ನೆಟ್ಟಗಿದ್ದು ಓಡಾಡಿದವರಿಗೆ ಆ ಹಂತ ಸುಮಾರು 1 ಗಂಟೆ 22 ನಿಮಿಷ ಬೇಗ ಮುಗಿದಿತ್ತು.

ಹಾಗಾಗಿ 37ನೇ ವಾರದಲ್ಲಿ ಡಾಕ್ಟರ ಹತ್ತಿರ ನೇರವಾಗಿ ಕೇಳಿದೆ: ಔಷಧಿ ಎಷ್ಟು ಹೊತ್ತು ಹರಿಯುತ್ತದೆ? ಉಳಿದ ಹೊತ್ತು ಕೊಳವೆ ತೆಗೆಯಬಹುದಾ? ಮೊದಲ ಸಲ 50 ಲಕ್ಷ ಯೂನಿಟ್ ಪೆನಿಸಿಲಿನ್, ಆಮೇಲೆ ಹೆರಿಗೆಯಾಗುವವರೆಗೆ 4 ಗಂಟೆಗೊಮ್ಮೆ ಅದರ ಅರ್ಧದಷ್ಟು. ಪ್ರತಿ ಸಲ ಸುಮಾರು ಅರ್ಧ ಗಂಟೆ. ಮಧ್ಯೆ ಕೊಳವೆ ಬಿಚ್ಚಿ, ಕೈಯಲ್ಲಿ ಮುಚ್ಚಳ ಹಾಕಿದ ಸೂಜಿ ಮಾತ್ರ ಉಳಿಸುತ್ತಾರೆ. ಅದಕ್ಕೆ ಸಲೈನ್ ಲಾಕ್ ಅನ್ನುತ್ತಾರೆ. ಅಷ್ಟೇನಾ ಅಂತ ನನಗೆ ಅಳುವೇ ಬಂತು. ನಾಲ್ಕು ವರ್ಷ ಹಿಂದೆಯೇ ಇದು ಗೊತ್ತಿದ್ದರೆ!

ಮಾರ್ಚ್‌ನಲ್ಲಿ ಒಂದು ರಾತ್ರಿ ನೋವು ಶುರುವಾಯಿತು. ಹುಟ್ಟುವ ಮೊದಲು 4 ಗಂಟೆಯಾದರೂ ಔಷಧಿ ಮೈಯಲ್ಲಿ ಇದ್ದರೆ ಒಳ್ಳೆಯದು. ಎರಡನೆಯದು ಬೇಗ ಆಗಬಹುದು ಅಂತ ಈ ಸಲ ಕಾಯದೆ ಹೊರಟೆವು. ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಿತ್ತು. ಸೂಜಿ ಹಾಕಲು ಬಂದ ನರ್ಸ್ ಹತ್ತಿರ, ಅಂಗೈ ಹಿಂದೆ ಬೇಡ, ಮೊಣಕೈ ಮಡಿಚುವ ಕಡೆಯೂ ಬೇಡ, ಮುಂಗೈ ಮಧ್ಯದಲ್ಲಿ ಹಾಕಿ ಅಂದೆ. ಈ ಒಂದು ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು. ಎರಡೂ ಅಂಗೈ ಊರಬಹುದಿತ್ತು.

2:15ಕ್ಕೆ ಮೊದಲ ಡೋಸ್. ಪೆನಿಸಿಲಿನ್ ಉರಿಯುತ್ತದೆ, ಮೊಣಕೈವರೆಗೂ ಉರಿ ಹತ್ತಿತು. ಹೇಳಿದ ತಕ್ಷಣ ನರ್ಸ್ ವೇಗ ಕಡಿಮೆ ಮಾಡಿದರು, ಜೊತೆಗೆ ಸಲೈನ್ ಬಿಟ್ಟರು, ಬಿಸಿ ಬಟ್ಟೆ ಇಟ್ಟರು. ಉರಿ ಇಳಿಯಿತು. ಸುಮ್ನೆ ಸಹಿಸಿಕೊಳ್ಳಬೇಡಿ, ಹೇಳಿ. ಡ್ರಿಪ್ ಇದ್ದರೂ ನಾನು ಮಲಗಲಿಲ್ಲ. ಮಂಚವನ್ನು ಎದೆಮಟ್ಟಕ್ಕೆ ಏರಿಸಿ, ಅದಕ್ಕೆ ಒರಗಿ ನಿಂತು ಸೊಂಟ ಆಡಿಸುತ್ತಿದ್ದೆ. ಡ್ರಿಪ್ ಸ್ಟ್ಯಾಂಡಿಗೆ ಚಕ್ರವಿರುತ್ತದೆ, ಪಂಪಿಗೆ ಬ್ಯಾಟರಿ ಇರುತ್ತದೆ. ಗೋಡೆಯ ಪ್ಲಗ್ ತೆಗೆದರೂ ಅದು ನಡೆಯುತ್ತದೆ. ನರ್ಸ್ ಹತ್ತಿರ ಒಂದು ಮಾತು ಕೇಳಿ, ಪ್ಲಗ್ ತೆಗೆದು, ಸ್ಟ್ಯಾಂಡ್ ತಳ್ಳಿಕೊಂಡು ನಮ್ಮವರು ನನ್ನ ಜೊತೆ ಬಾತ್‌ರೂಮ್‌ವರೆಗೂ ಬಂದರು. ಕೊಳವೆ ಕಾಲಿಗೆ ಸಿಕ್ಕದಂತೆ ನೋಡುವ ಕೆಲಸ ಪೂರ್ತಿ ಅವರದೇ.

ಔಷಧಿ ಮುಗಿದು ಕೊಳವೆ ಬಿಚ್ಚಿದ ಮೇಲೆ ಮೂರೂವರೆ ಗಂಟೆ ನನ್ನದು. ಕಾರಿಡಾರ್‌ನಲ್ಲಿ ನಡೆದೆ. ನೋವು ಬಂದಾಗ ಅವರ ಕುತ್ತಿಗೆಗೆ ಜೋತುಬೀಳುತ್ತಿದ್ದೆ. ಸೂಜಿಯ ಮೇಲೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿಸಿಕೊಂಡು, ಬೆನ್ನಿನ ಮೇಲೆ ಬಿಸಿನೀರು ಬಿಟ್ಟುಕೊಂಡು ಶವರ್ ಕೆಳಗೆ ನಿಂತೆ. ನನ್ನದು ಯಾವ ತೊಡಕೂ ಇಲ್ಲದ ಬಸಿರು. ಹಾಗಾಗಿ ಮಗುವಿನ ಎದೆಬಡಿತವನ್ನು ಆಗಾಗ ಕೈಯಲ್ಲಿ ಹಿಡಿಯುವ ಡಾಪ್ಲರ್‌ನಲ್ಲಿ ಕೇಳುತ್ತಿದ್ದರು. ನೋವು ಬರಿಸುವ ಆಕ್ಸಿಟೋಸಿನ್ ಹಾಕಿದ್ದರೆ, ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ತೆಗೆದುಕೊಂಡಿದ್ದರೆ ಲೆಕ್ಕ ಬೇರೆ. ಆಗ ಮಗುವಿನ ಎದೆಬಡಿತ ನೋಡುವ ಮಾನಿಟರ್ ಬಿಡದೆ ಹಾಕಿರಬೇಕು. ವೈರ್ ಇಲ್ಲದ ಮಾನಿಟರ್ ಇದೆಯಾ ಅಂತ ಮುಂಚೆಯೇ ಕೇಳಿಡಿ. ಪೆನಿಸಿಲಿನ್ ಅಲರ್ಜಿ ಇದ್ದು, ಅದು ಜೋರಾಗಿ ಇಲ್ಲದವರಿಗೆ ಸೆಫಜೊಲಿನ್ ಕೊಡುತ್ತಾರೆ. ಅದು 8 ಗಂಟೆಗೊಮ್ಮೆ, ಬಿಡುವು ಇನ್ನೂ ಜಾಸ್ತಿ.

6:15ಕ್ಕೆ ಎರಡನೇ ಡೋಸ್. ಅಷ್ಟರಲ್ಲಿ ನಡೆಯುವ ಶಕ್ತಿ ಇರಲಿಲ್ಲ. ಮಂಚದ ತಲೆಭಾಗ ಹಿಡಿದು ಮಂಡಿಯೂರಿದ್ದೆ. ನರ್ಸ್ ನನ್ನನ್ನು ಅಲುಗಾಡಿಸದೆ ಹಾಗೆಯೇ ಕೊಳವೆ ಜೋಡಿಸಿದರು. 7:50ಕ್ಕೆ, ಮಂಡಿಯ ಮೇಲಿದ್ದಾಗಲೇ, ಮಗ ಹುಟ್ಟಿದ.

ಔಷಧಿ ಶುರುವಾಗಿ ಐದೂವರೆ ಗಂಟೆ ದಾಟಿತ್ತು. ಮಗು ಚೆನ್ನಾಗಿದ್ದ. ಜ್ವರ, ಉಸಿರಾಟ ನೋಡುತ್ತಿದ್ದರು, ಅಷ್ಟೆ. ರಕ್ತಪರೀಕ್ಷೆ ಬೇಕಾಗಲಿಲ್ಲ. ಎರಡು ದಿನಕ್ಕೆ ಮನೆಗೆ ಬಂದೆವು.

ಬೆಂಗಳೂರಿನಲ್ಲಿರುವ ತಂಗಿಗೆ ಈಗ ಏಳು ತಿಂಗಳು. ಅಲ್ಲಿ ಈ ಟೆಸ್ಟ್ ಎಲ್ಲ ಕಡೆ ಮಾಡುವುದಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕೇಳು ಅಂದಿದ್ದೇನೆ. ಪಾಸಿಟಿವ್ ಬಂದರೆ ಸೂಜಿ ಎಲ್ಲಿ ಹಾಕಿಸಿಕೊಳ್ಳಬೇಕು ಅಂತ ನನ್ನ ಮುಂಗೈ ಫೋಟೋದ ಮೇಲೆ ಗುರುತು ಹಾಕಿ ಕಳಿಸಿದ್ದೇನೆ.