ಚಾಟ್ನಿ ಕಡ್ಡಿಯಿಂದ ಮನೆ ದ್ರಾಕ್ಷಿ

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಶುರುವಾದರೆ ವಿಜಯಪುರದ ಸುತ್ತಲಿನ ತೋಟಗಳ ಬದುವಿಗೆ ದ್ರಾಕ್ಷಿ ಕಡ್ಡಿ ರಾಶಿ ಬೀಳುತ್ತದೆ. ತಿಕೋಟಾದ ನಮ್ಮ ಮಾವನ ತೋಟದಿಂದ ನಾನು ಒಂದು ಹಿಡಿ ತರುತ್ತೇನೆ.

ಹಸಿರು ಕಡ್ಡಿ ಬೇಡ, ಕೊಳೆಯುತ್ತದೆ. ಪೆನ್ಸಿಲ್ ದಪ್ಪದ ಕಂದು ಕಡ್ಡಿ ಆರಿಸಿ. ನಾಲ್ಕು ಕಣ್ಣಿರಲಿ, ಅಂದರೆ ಚಿಗುರೊಡೆಯುವ ಗೆಣ್ಣು. ಕೆಳಗಿನ ಕಣ್ಣಿನ ಬುಡದಲ್ಲಿ ನೇರವಾಗಿ ಕತ್ತರಿಸಿ, ಮೇಲ್ತುದಿ ಓರೆಯಾಗಿ. ಇದು ಚಂದಕ್ಕಲ್ಲ, ಗುರುತಿಗೆ. ಮೊದಲ ವರ್ಷ ನಾನು ಆರು ಕಡ್ಡಿ ತಲೆಕೆಳಗಾಗಿ ಊರಿದ್ದೆ. ಒಂದೂ ಚಿಗುರಲಿಲ್ಲ. ಅವ್ವ ಇನ್ನೂ ನಗುತ್ತಾಳೆ.

ಕಡ್ಡಿ ಊರುವ ಚೀಲಕ್ಕೆ ಬರೀ ಎರೆಮಣ್ಣು ತುಂಬಿದರೆ ನೀರು ನಿಲ್ಲುತ್ತದೆ. ಚೀಲಕ್ಕೆ ಅರ್ಧ ಮರಳು, ಉಳಿದದ್ದು ಮಣ್ಣು, ಹಳೆ ತಿಪ್ಪೆಗೊಬ್ಬರ. ಎರಡು ಕಣ್ಣು ಒಳಗೆ, ಎರಡು ಹೊರಗೆ. ಬೆರಳಿಂದ ಒತ್ತಿ, ನೆರಳಿಗಿಡಿ. ನಮ್ಮ ಬೋರ್ ನೀರು ಸವಳು, ನಾನು ನಲ್ಲಿ ನೀರೇ ಹಾಕುತ್ತೇನೆ. ತೋಟದವರು ಸವಳು ತಡೆಯಲಿ ಅಂತ ಡಾಗ್‌ರಿಡ್ಜ್ ಅನ್ನೋ ಗಟ್ಟಿ ದ್ರಾಕ್ಷಿ ತಳಿಯ ಬೇರಿಗೆ ಕಸಿ ಕಟ್ಟುತ್ತಾರೆ. ಅಂಗಳದ ಒಂದು ಬಳ್ಳಿಗೆ ಅಷ್ಟೆಲ್ಲ ಯಾಕೆ ಅಲ್ವಾ?

ಎರಡು-ಮೂರು ವಾರಕ್ಕೆ ಎಲೆ ಬಂತು ಅಂತ ಸುಮ್ನೆ ಎಳೆದು ನೋಡಬೇಡಿ. ಅದು ಕಡ್ಡಿಯೊಳಗಿನ ಕಸುವಿನಿಂದ ಬಂದ ಎಲೆ. ಬೇರು ತಡವಾಗಿ ಬರುತ್ತದೆ. ಚೀಲದ ತೂತಲ್ಲಿ ಬಿಳಿ ಬೇರು ಇಣುಕಿದ ಮೇಲೆ ನೆಲಕ್ಕಿಳಿಸಿ. ನಾನು ಸಂಕ್ರಾಂತಿ ಕಳೆದ ಮೇಲೆ ಹಚ್ಚುತ್ತೇನೆ, ಹಂದರ ಮಾತ್ರ ಮೊದಲೇ ಹಾಕಿಟ್ಟಿರುತ್ತೇನೆ.